ಹಲಗೂರಿನ ಹಾಡು ನ್ಯೂಜೆರ್ಸಿಗೆ ತಡವಾಗಿ ಮುಟ್ಟುವುದೇಕೆ?

ಮಂಡ್ಯ ಜಿಲ್ಲೆಯ ಹಲಗೂರಿನ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮನೆಯವರು ಹರಕೆ ತೀರಿಸಲು ಮುತ್ತತ್ತಿಗೆ ಹೋದಾಗ ಜೊತೆಯಲ್ಲಿ ತಂಬೂರಿ ಮೇಳವೊಂದನ್ನು ಕರೆದೊಯ್ದಿದ್ದರು. ಹೊಳೆ ದಂಡೆಯಲ್ಲಿ ಹಾಡಿಸಿ, ನ್ಯೂಜೆರ್ಸಿಯಲ್ಲಿರುವ ಮಗನಿಗೆ ಫೋನಿನಲ್ಲೇ ನೇರವಾಗಿ ತೋರಿಸಬೇಕೆಂಬ ಆಸೆ. ಅಲ್ಲಿ ಸಿಗ್ನಲ್ಲೇ ಸಿಗಲಿಲ್ಲ. ಊರಿಗೆ ಮರಳಿ, ಮನೆ ಜಗಲಿಯಲ್ಲಿ ಮತ್ತೆ ಹಾಡಿಸಿ ಲೈವ್ ಹಾಕಿದರು. ಈ ಸಲ ಹೋಯಿತು. ಆದರೆ ಮಗ ‘ಆ ಸೊಲ್ಲು ಇನ್ನೊಂದ್ಸಲ ಹೇಳ್ಸಪ್ಪ’ ಎಂದು ಕಾಮೆಂಟ್ ಹಾಕುವಷ್ಟರಲ್ಲಿ ಮೇಳ ಮುಂದಿನ ಪದಕ್ಕೆ ದಾಟಿರುತ್ತಿತ್ತು. ‘5ಜಿ ಬಂದಿದೆ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಎಲ್ಲ ತಲುಪುತ್ತೆ ಅಂತಾರೆ. ಹಂಗಿದ್ರೆ ನನ್ನ ಮಗನಿಗೆ ಅಷ್ಟು ತಡವಾಗಿ ಯಾಕೆ ಕೇಳಿಸ್ತಿತ್ತು?’ ಎಂಬುದು ಅವರ ಪ್ರಶ್ನೆ.

ಸಂಗೀತದ ನೇರಪ್ರಸಾರದ ನಾಳೆಗಳ ಬಗ್ಗೆ ಬರುವ ಸುದ್ದಿಗಳಲ್ಲೆಲ್ಲ ಹೊಲೋಗ್ರಾಮ್, ಮೆಟಾವರ್ಸ್, ತಲೆಗೆ ತೊಡುವ ಕನ್ನಡಕಗಳದೇ ಮಾತು. ನನಗೆ ಅವುಗಳಲ್ಲಿ ಅಷ್ಟು ನಂಬಿಕೆಯಿಲ್ಲ. ಹಲಗೂರಿನ ಈ ತಂದೆ ಕೇಳಿದ ಪ್ರಶ್ನೆಯೇ ಅವೆಲ್ಲಕ್ಕಿಂತ ದೊಡ್ಡದು. ಹಾಡುವವರಿಗೂ ಕೇಳುವವರಿಗೂ ನಡುವೆ ಎಷ್ಟು ಹೊತ್ತು ಕಳೆಯುತ್ತದೆ ಎಂಬುದರ ಮೇಲೇ ಅವರಿಬ್ಬರ ನಂಟು ನಿಂತಿದೆ.

ದೂರದ ಹಾಡನ್ನು ಆಗಿಂದಾಗಲೇ ಕೇಳಿಸುವ ಕಲೆ ಹೊಸದೇನಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬ ಎಂಜಿನಿಯರ್ ಅಲ್ಲಿನ ಆಪೆರಾ ವೇದಿಕೆಯ ಅಂಚಿನಲ್ಲಿ ಮೈಕುಗಳನ್ನಿಟ್ಟು, ಟೆಲಿಫೋನ್ ತಂತಿ ಎಳೆದು, ಪ್ರದರ್ಶನಕ್ಕೆ ಬಂದವರ ಎರಡೂ ಕಿವಿಗೆ ಒಂದೊಂದು ರಿಸೀವರ್ ಕೊಟ್ಟ. ನಟ ಎಡದಿಂದ ಬಲಕ್ಕೆ ನಡೆದರೆ ದನಿಯೂ ಎಡಗಿವಿಯಿಂದ ಬಲಗಿವಿಗೆ ನಡೆಯುತ್ತಿತ್ತು. ನಮ್ಮ ನಾಡಿನಲ್ಲಿ ಈ ಕೆಲಸ ಮಾಡಿದವರು ಮೈಸೂರಿನ ಎಂ.ವಿ. ಗೋಪಾಲಸ್ವಾಮಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ದೇಶದ ರೇಡಿಯೊಗೆಲ್ಲ ಹೋಗಿದ್ದು ಆ ಮನೆಯಿಂದ. ಎಂತಹ ಸಾಹಸ! ಸರ್ಕಾರವಿಲ್ಲ, ಕಂಪನಿಯಿಲ್ಲ, ಒಬ್ಬ ಮೇಷ್ಟರ ಆಸಕ್ತಿ ಅಷ್ಟೆ.

ಆ ರೇಡಿಯೊದ ವೇಗದ ಲೆಕ್ಕ ನೋಡಿ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕಚೇರಿಯಲ್ಲಿ ಗಾಯಕರಿಂದ 20 ಮೀಟರ್ ಹಿಂದೆ ಕುಳಿತವರಿಗೆ ಸ್ವರ ಮುಟ್ಟಲು 58 ಮಿಲಿಸೆಕೆಂಡ್ ಬೇಕು. ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡ್. ರೇಡಿಯೊ ಅಲೆ ಬೆಳಕಿನ ವೇಗದ್ದು, ಮೈಸೂರಿನಿಂದ 50 ಕಿಲೋಮೀಟರ್ ಆಚೆ ಮುಟ್ಟಲು ಅದಕ್ಕೆ ಒಂದು ಮಿಲಿಸೆಕೆಂಡಿನ ಐದನೆಯ ಒಂದು ಭಾಗವೂ ಬೇಡ. ಅಂದರೆ ಮಳವಳ್ಳಿಯಲ್ಲಿ ರೇಡಿಯೊ ಮುಂದೆ ಕೂತವರು, ಮೈಸೂರಿನಲ್ಲಿ ಗಾಯಕರ ಎದುರೇ ಹಿಂದಿನ ಸಾಲಿನಲ್ಲಿ ಕೂತವರಿಗಿಂತ ಮೊದಲೇ ಆ ಸ್ವರ ಕೇಳಬಹುದಿತ್ತು. ತೊಂಬತ್ತು ವರ್ಷಗಳ ಹಿಂದೆ ಇಷ್ಟು ಬೇಗ ಮುಟ್ಟುತ್ತಿದ್ದ ಹಾಡು, ಇಂದು ಹಲಗೂರಿನಿಂದ ಹೊರಟು ಅರ್ಧ ನಿಮಿಷ ಎಲ್ಲಿ ಕಳೆಯುತ್ತದೆ?

ಮಂಡ್ಯದವರಿಗೆ ಇದನ್ನು ನಾಲೆ ನೀರಿನ ಮೂಲಕ ಹೇಳಿದರೆ ಬೇಗ ಹಿಡಿಯುತ್ತದೆ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವುದು ಕಟ್ಟು ಪದ್ಧತಿಯಲ್ಲಿ: ಕೆಲವು ದಿನ ನೀರು, ಕೆಲವು ದಿನ ಇಲ್ಲ. ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತ ಈ ಏರಿಳಿತವನ್ನೇ ನೆಚ್ಚಿದರೆ ಗದ್ದೆ ಒಣಗುತ್ತದೆ. ನಡುವೆ ಕೆರೆಯೊಂದಿದ್ದರೆ ಬಂದಾಗ ಬಂದಷ್ಟು ತುಂಬಿಕೊಂಡು, ತೂಬಿನಿಂದ ಒಂದೇ ಸಮ ಹರಿಸಬಹುದು. ಇಂಟರ್‌ನೆಟ್ ಕೂಡ ಹಾಗೆಯೇ. ಹಾಡನ್ನು ಅದು ತಂತಿಯಂತೆ ಸಲೀಸಾಗಿ ಸಾಗಿಸುವುದಿಲ್ಲ, ತುಂಡು ತುಂಡಾಗಿ ಕಳಿಸುತ್ತದೆ. ಒಂದು ತುಂಡು ಬೇಗ ಬರುತ್ತದೆ, ಇನ್ನೊಂದು ತಡವಾಗುತ್ತದೆ, ಮತ್ತೊಂದು ದಾರಿಯಲ್ಲೇ ಕಳೆದುಹೋಗಿ ಎರಡನೇ ಸಲ ಕಳಿಸಬೇಕಾಗುತ್ತದೆ. ಅದಕ್ಕೆ ಕೇಳುವವರ ಫೋನಿನೊಳಗೇ ಒಂದು ಕೆರೆ ಕಟ್ಟಿದ್ದಾರೆ. ಬಫರ್ ಎನ್ನುವುದು ಅದನ್ನೇ. ಕೆರೆ ದೊಡ್ಡದಾದಷ್ಟೂ ಹಾಡು ನಡುವೆ ನಿಲ್ಲುವುದಿಲ್ಲ. ಆದರೆ ತೂಬಿನಲ್ಲಿ ಬರುವ ನೀರು ಅಷ್ಟೂ ಹಳೆಯದು.

ಈ ಕೆರೆಯ ಅಳತೆ ನಿಸರ್ಗ ಕೊಟ್ಟದ್ದಲ್ಲ, ಎಂಜಿನಿಯರುಗಳು ಆರಿಸಿಕೊಂಡದ್ದು. 2009ರಲ್ಲಿ ಆ್ಯಪಲ್ ಕಂಪನಿ ಎಚ್‌ಎಲ್‌ಎಸ್ ಎಂಬ ವಿಧಾನ ತಂದಿತು. ನೇರಪ್ರಸಾರವನ್ನು ಹತ್ತು ಸೆಕೆಂಡಿನ, ಆಮೇಲಾಮೇಲೆ ಆರು ಸೆಕೆಂಡಿನ ಫೈಲುಗಳಾಗಿ ಕತ್ತರಿಸುವುದು, ಕನಿಷ್ಠ ಮೂರು ಫೈಲು ಕೈಗೆ ಬಂದ ಮೇಲೆ ಹಾಡಿಸಲು ತೊಡಗುವುದು ಅದರ ರೂಢಿ. ಆರು ಮೂರಲ ಹದಿನೆಂಟು, ಹತ್ತು ಮೂರಲ ಮೂವತ್ತು. ಓದುಗರು ಕೇಳಿದ ತಡದ ಬಹುಪಾಲು ಇಲ್ಲೇ ಇದೆ. ಫೈಲು ಅಂದಮೇಲೆ ಜಗತ್ತಿನ ಎಲ್ಲೆಡೆ ಅದರ ನಕಲು ಇಡಬಹುದು, ಲಕ್ಷಾಂತರ ಜನಕ್ಕೆ ಅಗ್ಗದಲ್ಲಿ ಹಂಚಬಹುದು. 2020ರ ಜೂನ್‌ನಲ್ಲಿ ಕೊರಿಯಾದ ಬಿಟಿಎಸ್ ತಂಡದ ಆನ್‌ಲೈನ್ ಕಚೇರಿಯನ್ನು ಒಂದೇ ಹೊತ್ತಿಗೆ ಏಳೂವರೆ ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅಷ್ಟು ಜನಕ್ಕೆ ಹಂಚಬೇಕಾದಾಗ ಇಂಥ ದೊಡ್ಡ ಕೆರೆ ಬೇಕಾಗುತ್ತದೆ. ಹಲಗೂರಿನ ಜಗಲಿಗೆ ಬೇಕಿರಲಿಲ್ಲ.

ಭೌತವಿಜ್ಞಾನ ಕೇಳುವ ಸುಂಕ ತೀರಾ ಚಿಕ್ಕದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಇಲ್ಲಿಂದ ನ್ಯೂಜೆರ್ಸಿ 13 ಸಾವಿರ ಕಿಲೋಮೀಟರಿಗೂ ಹೆಚ್ಚು, ಅಂದರೆ 70 ಮಿಲಿಸೆಕೆಂಡಿನ ಆಸುಪಾಸು. ಕಡಲಡಿಯ ಕೇಬಲ್ಲಿನದು ಸುತ್ತು ದಾರಿ, ಆದ್ದರಿಂದ ನೂರು ದಾಟುತ್ತದೆ ಎನ್ನೋಣ. ಸೆಕೆಂಡಿನ ಹತ್ತನೆಯ ಒಂದು ಭಾಗ! ಇನ್ನು 5ಜಿ. ನಮ್ಮ ದೇಶದಲ್ಲಿ ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದಾಗ ‘ಒಂದು ಮಿಲಿಸೆಕೆಂಡ್’ ಎಂದು ಡಂಗುರ ಹೊಡೆದರು. ಅದು ಫೋನಿಗೂ ಟವರಿಗೂ ನಡುವಿನ ತುಣುಕಿಗಷ್ಟೇ ಇಟ್ಟುಕೊಂಡ ಗುರಿ, ಅದೂ ವಿಶೇಷ ಬಳಕೆಗಳಿಗೆ. ಹದಿನೆಂಟು ಸೆಕೆಂಡಿನ ಕೆರೆಯನ್ನು 5ಜಿ ಮುಟ್ಟುವುದೇ ಇಲ್ಲ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಮುತ್ತತ್ತಿಯ ಕಥೆ ಬೇರೆ. ಹಲಗೂರು ಬಿಟ್ಟು ಕಾಡಿನ ದಾರಿ ಹಿಡಿದರೆ ಕಾವೇರಿ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಹರಿಯುತ್ತಾಳೆ. ಮೊಬೈಲ್ ಅಲೆಗಳು ಬೆಟ್ಟ ಬಳಸಿ ಬರಲು ಒಲ್ಲವು. ತರಂಗಾಂತರ ಕಿರಿದಾದಷ್ಟೂ ಈ ಹಟ ಹೆಚ್ಚು. ನೀರು ತುಂಬಿದ ಎಲೆಗಳು ಅಲೆಗಳ ಬಲವನ್ನು ಇನ್ನಷ್ಟು ಹೀರುತ್ತವೆ. ಸುತ್ತ ಇರುವುದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ, ಆನೆಗಳ ನೆಲೆ. ಅಲ್ಲಿ ಟವರಿನ ಸಾಲು ಏಳಬೇಕೆಂದು ನಾನಂತೂ ಹೇಳಲಾರೆ. ದಂಡೆಯ ಮೇಲೆ ಆಕಾಶವೇನೋ ಬಯಲಾಗಿದೆ, ಉಪಗ್ರಹದ ದಾರಿ ಇದೆ. ಹಳೆಯ ಬಗೆಯ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿವೆ, ದನಿ ಮೇಲೆ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡ್ ಬೇಕು. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿಲೋಮೀಟರ್ ಎತ್ತರದವು, ಅಷ್ಟೇ ಕೆಲಸಕ್ಕೆ ನಾಲ್ಕು ಮಿಲಿಸೆಕೆಂಡ್ ಸಾಕು. 2025ರಲ್ಲಿ ಭಾರತ ಸರ್ಕಾರ ಅದಕ್ಕೆ ಪರವಾನಗಿ ಕೊಟ್ಟಿದೆ. ಹರಕೆಗೆ ಹೋದವರ ಕೈಗೆಟಕುವ ಬೆಲೆಗೆ ಅದು ಬಂದಾಗ ನೋಡೋಣ.

ತಡದಷ್ಟೇ ದೊಡ್ಡ ತೊಡಕು ಇನ್ನೊಂದಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ವಿಡಿಯೊ ಕರೆಯಲ್ಲಿ ತಂಬೂರಿ ಮೀಟಿ ನೋಡಿ: ಮೊದಲ ಒಂದೆರಡು ಸೆಕೆಂಡ್ ಶ್ರುತಿ ಕೇಳುತ್ತದೆ, ಆಮೇಲೆ ಕರಗಿಹೋಗುತ್ತದೆ. ಹಾಡುವವರು ಉಸಿರು ತೆಗೆದುಕೊಂಡ ಕಡೆಯೆಲ್ಲ ಬರಿದಾದ ಮೌನ. 1979ರಲ್ಲಿ ಸ್ಟೀವನ್ ಬೋಲ್ ಎಂಬ ಸಂಶೋಧಕ ಮಾತಿನಿಂದ ಗದ್ದಲ ಕಳೆಯುವ ಒಂದು ಸೊಗಸಾದ ಲೆಕ್ಕ ಕೊಟ್ಟ. ಬದಲಾಗುತ್ತಲೇ ಇರುವುದು ಮಾತು, ಒಂದೇ ಸಮ ಉಳಿಯುವುದು ಗದ್ದಲ. ಎರಡನೆಯದನ್ನು ಅಳೆದು ಕಳೆದುಬಿಡು. ಫ್ಯಾನು, ಮೋಟಾರುಗಳ ಮಟ್ಟಿಗೆ ಇದು ಸರಿ. ಆದರೆ ಒಂದೇ ಸಮ ಉಳಿಯುವುದೇ ಶ್ರುತಿಯ ಧರ್ಮ. ಇಂದಿನ ಕರೆಗಳಲ್ಲಿರುವ ಹೊಸ ಗದ್ದಲ ನಿವಾರಕಗಳೂ ಮಾತನ್ನು ಕಲಿತು ಬಂದಂಥವು, ತಂಬೂರಿಯ ಪರಿಚಯ ಅವಕ್ಕಿಲ್ಲ. ವಿದೇಶದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವ ಸಂಗೀತದ ಮೇಷ್ಟ್ರುಗಳೆಲ್ಲ ಇದನ್ನು ಬಲ್ಲರು. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಒತ್ತಿದರೆ ಈ ಜರಡಿ ಸರಿದು ತಂಬೂರಿ ಉಳಿಯುತ್ತದೆ. ಹಲಗೂರಿನವರು ಮುಂದಿನ ಸಲ ಮೊದಲು ಇದನ್ನು ಮಾಡಲಿ.

ಇನ್ನು ಹಾಡುವವರ, ಕೇಳುವವರ ನಂಟಿನ ಮಾತು. ಅಭಿಮಾನಿಗಳನ್ನು ದೇವರೆಂದು ಕರೆದವರು ರಾಜ್‌ಕುಮಾರ್. ಅವರ ಹುಟ್ಟು ಹೆಸರು ಮುತ್ತುರಾಜ್, ಮುತ್ತತ್ತಿಯ ದೇವರು ಮುತ್ತತ್ತಿರಾಯನದೇ ಹೆಸರು. ಅವರ ಕಾಲದ ರಸಮಂಜರಿಗಳಲ್ಲಿ ಜನ ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುತ್ತಿದ್ದರು, ಹಾಡು ಮುಗಿಯುವ ಮೊದಲು ಚೀಟಿ ಗಾಯಕರ ಕೈಯಲ್ಲಿರುತ್ತಿತ್ತು. ಮಳವಳ್ಳಿ ಸೀಮೆಯ ನೀಲಗಾರರು ಮಂಟೇಸ್ವಾಮಿ ಕಥೆ ಹೇಳುವಾಗಲಂತೂ ಕೇಳುವವರು ಹೂಂಗುಟ್ಟದಿದ್ದರೆ ಕಥೆಗೆ ಕಳೆಯೇ ಇಲ್ಲ. ಹೂಂಗುಟ್ಟಲು ಎಷ್ಟು ತಡ ಸಹ್ಯ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ದೂರವಾಣಿ ಮಾತಿಗೆ ಹಾಕಿದ ಗೆರೆ ಹೀಗಿದೆ: ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನೊಳಗಿದ್ದರೆ ಒಳ್ಳೆಯದು, 400 ದಾಟಬಾರದು. ನ್ಯೂಜೆರ್ಸಿ ಈ ಗೆರೆಯೊಳಗೇ ಇದೆ. ವಿಡಿಯೊ ಕರೆಗಳ ಹಿಂದಿರುವ ವೆಬ್‌ಆರ್‌ಟಿಸಿ ವಿಧಾನ ಕೆರೆಯನ್ನು ಹೊಂಡದಷ್ಟಕ್ಕೆ ಇಳಿಸಿ ಅರ್ಧ ಸೆಕೆಂಡಿನೊಳಗೆ ದನಿ ಮುಟ್ಟಿಸುತ್ತದೆ. ಬದಲಿಗೆ ಆಗೊಮ್ಮೆ ಈಗೊಮ್ಮೆ ಒಂದು ತುಣುಕು ಒಡೆದರೆ ಸಹಿಸಬೇಕು. ಒಂದಷ್ಟು ನೂರು ಜನಕ್ಕೆ ಇದು ಧಾರಾಳವಾಗಿ ಸಾಲುತ್ತದೆ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿ ಕ್ಯಾಸೆಟ್ಟಿನಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಕ್ಯಾಸೆಟ್ಟಿಗೆ ಹೂಂಗುಟ್ಟುವುದು ಸಾಧ್ಯವಿರಲಿಲ್ಲ. ಈಗ ಸಾಧ್ಯ. ಲಕ್ಷ ವೀಕ್ಷಣೆಯ ಹಿಂದೆ ಬೀಳುವ ಬದಲು ಇನ್ನೂರು ಜನರ ಕೂಟವೊಂದನ್ನು ನಡೆಸಿ, ಹೆಸರು ಹಿಡಿದು ಮಾತಾಡಿಸುವ ಮೇಳಕ್ಕೆ ನಂಟೂ ಉಳಿಯುತ್ತದೆ, ಸಂಭಾವನೆಯೂ ನೇರ ಕೈಸೇರುತ್ತದೆ.

ಆದರೆ ಹೂಂಗುಟ್ಟುವುದು ಬೇರೆ, ಹಿಮ್ಮೇಳ ಹಿಡಿಯುವುದು ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನಿನಲ್ಲಿ ಒಬ್ಬರ ದನಿ ಒಬ್ಬರಿಗೆ ಕೇಳುವಂತೆ ಮಾಡಿ, ಜೊತೆಯಾಗಿ ಚಪ್ಪಾಳೆ ತಟ್ಟಿಸಿ, ನಡುವಿನ ತಡವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಹೋದರು. ತಡ ಹೆಚ್ಚಾದಂತೆ ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತ ಲಯ ಜಗ್ಗಿಹೋಯಿತು. ಸೋಜಿಗವೆಂದರೆ ತಡ ತೀರಾ ಕಡಿಮೆಯಾದಾಗ ಇಬ್ಬರೂ ಓಡತೊಡಗಿದರು. ಲಯ ನೆಟ್ಟಗೆ ನಿಂತದ್ದು 2004ರ ಅವರ ವರದಿಯ ಪ್ರಕಾರ 11.5 ಮಿಲಿಸೆಕೆಂಡಿನ ಹತ್ತಿರ. ಅಷ್ಟು ಹೊತ್ತಿನಲ್ಲಿ ದನಿ ಗಾಳಿಯಲ್ಲಿ ಸಾಗುವುದು ನಾಲ್ಕು ಮೀಟರ್. ಒಂದು ಜಗಲಿಯ ಅಗಲ. ತಂಬೂರಿ, ಗಗ್ಗರ, ಡಿಕ್ಕಿ ಹಿಡಿದವರು ಒತ್ತಾಗಿ ಕೂರುವ ಅಂತರವೂ ಇದಕ್ಕೆ ದೂರವಲ್ಲ.

ಚೇಫ್ ತಂಡದವರೇ ಕಟ್ಟಿದ ಜ್ಯಾಕ್‌ಟ್ರಿಪ್ ಎಂಬ ತಂತ್ರಾಂಶ, ಜಾಮುಲಸ್ ಎಂಬ ಮತ್ತೊಂದು, ಕೆರೆಯನ್ನು ಬೊಗಸೆಯಷ್ಟು ಮಾಡಿ ಮಳವಳ್ಳಿಗೂ ಮೈಸೂರಿಗೂ ನಡುವೆ ಒಟ್ಟಿಗೆ ಹಾಡಿಸಬಲ್ಲವು. ಎರಡೂ ಕಡೆ ವೈಫೈ ಬಿಟ್ಟು ಕೇಬಲ್ ಹಾಕಿದ ಗಟ್ಟಿ ಸಂಪರ್ಕ ಬೇಕು. ನ್ಯೂಜೆರ್ಸಿಯೊಡನೆ ಇದು ಎಂದೂ ಆಗದು. 70 ಮಿಲಿಸೆಕೆಂಡ್ ಗಾಜಿನ ಎಳೆಯಲ್ಲಿ ಬೆಳಕಿನದೇ ತಡ, ಯಾವ ಕಂಪನಿಯೂ ಅದನ್ನು 11.5ರ ಹತ್ತಿರಕ್ಕೆ ಇಳಿಸಲಾರದು. ಆದರೂ ಒಂದು ಉಪಾಯ ಉಂಟು. ಮೇಳದ ದನಿ ಹಲಗೂರಿನಿಂದ ಮೊದಲು ಮಗನಲ್ಲಿಗೆ ಹೋಗಲಿ. ಅವನು ಕೇಳಿಸಿಕೊಂಡಂತೆ ಅದರ ಮೇಲೆಯೇ ಸೊಲ್ಲು ಹಿಡಿಯಲಿ. ಎರಡೂ ಬೆರೆತ ದನಿ ಅಲ್ಲಿಂದ ಮುಂದೆ ಉಳಿದ ಬಂಧುಗಳಿಗೆ ಹೊರಡಲಿ. ಲಂಡನ್ನಿನಲ್ಲೋ ದುಬೈಯಲ್ಲೋ ಕೇಳುವವರಿಗೆ ಮುಮ್ಮೇಳ ಹಿಮ್ಮೇಳ ಎರಡೂ ಒಂದೇ ಲಯದಲ್ಲಿರುತ್ತವೆ, ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದೆ. ಜಗಲಿಯಲ್ಲಿ ಕೂತ ಮೇಳದವರು ಮಾತ್ರ ಆ ಮಗನ ದನಿಯನ್ನು ಹಾಡು ಮುಗಿದ ಮೇಲೆ, ಧ್ವನಿಮುದ್ರಣದಲ್ಲಿ ಕೇಳಬೇಕು.