ಗ್ರಂಥಋಣದ ಗಣಕ-ಲೆಕ್ಕ

ಸಂಶೋಧನ ಪ್ರಬಂಧವೊಂದರ ಕೊನೆಯಲ್ಲಿ ಬರುವ ಗ್ರಂಥಋಣವನ್ನು ಓದುವವರು ವಿರಳ; ಆದರೆ ಅದನ್ನು ಸಿದ್ಧಪಡಿಸುವವರ ಎಷ್ಟು ರಾತ್ರಿಗಳು ಅದಕ್ಕಾಗಿ ವ್ಯಯವಾಗುವುವೆಂಬುದನ್ನು ಅವರ ಮನೆಮಂದಿಯೇ ಬಲ್ಲರು. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ 1968ರಲ್ಲಿ ಮೊದಲಾಗಿ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಕೊಣಾಜೆಯ ಮಂಗಳಗಂಗೋತ್ರಿಯಲ್ಲಾಗಲಿ, ಮಂಗಳೂರು ನಗರದ ಕಾಲೇಜುಗಳಲ್ಲಾಗಲಿ, ಬೀಡಿ ಕಟ್ಟುವ ಹೆಂಗಸರ ಜೀವನವನ್ನೋ, ಪಾಡ್ದನಗಳ ಪಾಠಾಂತರಗಳನ್ನೋ, ಮೀನುಗಾರಿಕೆಯ ಬಂದರಿನ ವ್ಯವಹಾರವನ್ನೋ ವಿಷಯವಾಗಿ ಆರಿಸಿಕೊಂಡವರ ಗಣಕಯಂತ್ರದಲ್ಲಿ ಇಂದು ಎರಡು ಬಗೆಯ ತಂತ್ರಾಂಶಗಳು ನೆರೆಹೊರೆಯಾಗಿ ವಾಸಿಸುತ್ತಿರುವುದು ಸಾಮಾನ್ಯವಾಗಿದೆ. ಒಂದು ಓದಿದ ಪುಸ್ತಕ ಲೇಖನಗಳ ಲೆಕ್ಕವನ್ನಿಡುವುದು. ಇನ್ನೊಂದು ಆ ಪುಸ್ತಕ ಲೇಖನಗಳ ಒಳಗಿರುವುದನ್ನೂ, ಕ್ಷೇತ್ರದಿಂದ ತಂದ ಸಂದರ್ಶನಗಳನ್ನೂ ಬಿಡಿಸಿ ವಿಂಗಡಿಸುವುದು. ಇವೆರಡರ ನಡುವೆ ಆಧಾರಗ್ರಂಥಗಳ ವಿವರಗಳನ್ನು ಕಳೆಯದಂತೆ, ಕೆಡದಂತೆ ದಾಟಿಸುವ ಬಗೆಯೇ ಈ ಲೇಖನದ ವಿಷಯ.

ಇದು ಕೇವಲ ಯಂತ್ರದವರ ಗೋಳೆಂದು ಕೈಬಿಡುವಂತಿಲ್ಲ. ಆಧಾರವನ್ನು ಗುರುತಿಸಿ ಹೇಳುವ ಶಿಸ್ತಿಗೆ ಮಂಗಳೂರಿನಲ್ಲಿ ದೀರ್ಘವಾದ ಪರಂಪರೆಯುಂಟು. 1894ರಲ್ಲಿ ಇಲ್ಲಿಯ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿರಿ: ಸುಮಾರು 70,000 ಶಬ್ದಗಳ ಆ ಮಹಾಗ್ರಂಥದಲ್ಲಿ ಅರ್ಥದ ಬೆನ್ನಿಗೇ ಅದು ಶಬ್ದಮಣಿದರ್ಪಣದಲ್ಲಿ ಬಂದುದೋ, ಬಸವಪುರಾಣದಲ್ಲಿ ಬಂದುದೋ, ಜನರ ಗಾದೆಯಲ್ಲಿ ಕೇಳಿದುದೋ ಎಂಬುದನ್ನು ತಿಳಿಸುವ ಒಂದೆರಡು ಅಕ್ಷರಗಳ ಸಂಕೇತವು ನಿಂತಿರುವುದು, ಆ ಸಂಕೇತಗಳ ಬಿಡಿಸಿಕೆ ಗ್ರಂಥಾರಂಭದ ಪಟ್ಟಿಯಲ್ಲಿರುವುದು. ಸಂಕೇತ ಚಿಕ್ಕದು, ವಿವರ ಬೇರೆಡೆ, ಎರಡಕ್ಕೂ ನಿಸ್ಸಂದಿಗ್ಧವಾದ ಸಂಬಂಧ: ಇಂದಿನ ಉಲ್ಲೇಖ ತಂತ್ರಾಂಶಗಳು ಮಾಡುತ್ತಿರುವುದೂ ಇದಕ್ಕಿಂತ ಬೇರೆಯಾದುದಲ್ಲ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟಿನಲ್ಲಿ, ಬರಹದ ಆಧಾರಕ್ಕಿಂತ ಬಾಯಿಮಾತಿನ ಆಧಾರವೇ ಹೆಚ್ಚಾಗಿರುವ ಭಾಷೆಯೊಂದರ ವಿಷಯದಲ್ಲಿ, ಈ ಶಿಸ್ತು ಇನ್ನೂ ಕಠಿಣವಾಯಿತು.

ಉಲ್ಲೇಖಗಳ ಲೆಕ್ಕವಿಡುವ ತಂತ್ರಾಂಶಗಳಲ್ಲಿ ನಮ್ಮವರಿಗೆ ಪರಿಚಿತವಾದುವು ಝೊಟೆರೊ, ಮೆಂಡಲೇ, ಎಂಡ್‌ನೋಟ್. ಇವುಗಳಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದ ಇತಿಹಾಸಕಾರರ ಕೇಂದ್ರವೊಂದರಿಂದ 2006ರಲ್ಲಿ ಹೊರಬಂದ ಝೊಟೆರೊವನ್ನು ಯಾರೂ ಹಣ ಕೊಡದೆ ಬಳಸಬಹುದು. ಶಿಷ್ಯವೇತನವನ್ನು ನಂಬಿ ಬದುಕುವವರಿಗೆ ಇದು ಸಣ್ಣ ಮಾತಲ್ಲ. ವಿಶ್ಲೇಷಣೆಯ ಪಾಳೆಯದಲ್ಲಿ ಎನ್‌ವಿವೊ, ಅಟ್ಲಾಸ್ ಟಿಐ, ಮ್ಯಾಕ್ಸ್‌ಕ್ಯೂಡಿಎ ಎಂಬ ಮೂರು ಮುಖ್ಯ. ಎನ್‌ವಿವೊ ಆಸ್ಟ್ರೇಲಿಯದ ಲಾ ಟ್ರೋಬ್ ವಿಶ್ವವಿದ್ಯಾನಿಲಯದಲ್ಲಿ ಲಿನ್ ಮತ್ತು ಟಾಮ್ ರಿಚರ್ಡ್ಸ್ ದಂಪತಿಗಳು 1980ರ ದಶಕದಲ್ಲಿ ಕಟ್ಟಿದ ತಂತ್ರಾಂಶದ ಸಂತತಿ. ಉಳಿದೆರಡೂ ಜರ್ಮನಿಯಲ್ಲಿ ಹುಟ್ಟಿದುವು. ಮೂರೂ ದುಬಾರಿಯೇ.

ಬೀಡಿ ಕಾರ್ಮಿಕರನ್ನು ಕುರಿತು ಅಭ್ಯಸಿಸುತ್ತಿರುವ ಸಂಶೋಧಕಿಯೊಬ್ಬರು ಉಳ್ಳಾಲದಲ್ಲಿಯೂ ಬಂಟ್ವಾಳದಲ್ಲಿಯೂ ಮಾಡಿದ ಸಂದರ್ಶನಗಳನ್ನು ಎನ್‌ವಿವೊದಲ್ಲಿ ಸೇರಿಸಿ, ಕೂಲಿಯ ಮಾತು ಬಂದೆಡೆಗೆಲ್ಲ ಒಂದು ಗುರುತನ್ನೂ, ಎಲೆಯ ಗುಣವನ್ನು ಕುರಿತ ದೂರು ಬಂದೆಡೆಗೆಲ್ಲ ಇನ್ನೊಂದನ್ನೂ ಹಚ್ಚುತ್ತ ಹೋಗುವರೆಂದು ಇಟ್ಟುಕೊಳ್ಳೋಣ. ಇದೇ ವಿಷಯವನ್ನು ಕುರಿತು ಹಿಂದಿನವರು ಬರೆದ ಲೇಖನಗಳಿಗೂ ಅವೇ ಗುರುತುಗಳನ್ನು ಹಚ್ಚಿ, ಪುಸ್ತಕದ ಮಾತನ್ನೂ ಅಂಗಳದಲ್ಲಿ ಕೇಳಿದ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬ ಆಸೆ ಅವರಿಗೆ ಸಹಜವಾಗಿಯೇ ಉಂಟಾಗುವುದು. ಲೇಖನಗಳೆಲ್ಲ ಝೊಟೆರೊದಲ್ಲಿರುವುವು. ಒಂದೊಂದನ್ನೇ ಎತ್ತಿ ಇಟ್ಟು, ಕರ್ತೃವಿನ ಹೆಸರನ್ನೂ ವರ್ಷವನ್ನೂ ಮರಳಿ ಬೆರಳಚ್ಚು ಮಾಡುವುದಕ್ಕೆ ಬದಲಾಗಿ, ಎಲ್ಲವನ್ನೂ ಒಂದು ಕಡತವಾಗಿ ಕಟ್ಟಿ ದಾಟಿಸುವ ಉಪಾಯವೊಂದಿದೆ. ಅದರ ಹೆಸರು ಆರ್‌ಐಎಸ್. ರಿಸರ್ಚ್ ಇನ್ಫರ್ಮೇಷನ್ ಸಿಸ್ಟಮ್ಸ್ ಎಂಬ ಅಮೆರಿಕದ ಸಂಸ್ಥೆ ತನ್ನ ಸ್ವಂತ ತಂತ್ರಾಂಶಕ್ಕಾಗಿ ಮಾಡಿಕೊಂಡ ಈ ಕ್ರಮವು ಕಾಲಾಂತರದಲ್ಲಿ ಎಲ್ಲರ ಸ್ವತ್ತಾಯಿತು.

ಆರ್‌ಐಎಸ್ ಕಡತದಲ್ಲಿ ಗುಟ್ಟೇನೂ ಇಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾರೂ ಓದಬಹುದು. ಪ್ರತಿಯೊಂದು ಸಾಲೂ ಎರಡು ರೋಮನ್ ಅಕ್ಷರಗಳ ಗುರುತಿನಿಂದ ಆರಂಭವಾಗಿ, ಎರಡು ತೆರಪು, ಒಂದು ಅಡ್ಡಗೆರೆ, ಮತ್ತೊಂದು ತೆರಪು ಕಳೆದ ಮೇಲೆ ವಿವರವನ್ನು ಹೇಳುವುದು. ಕಿಟೆಲ್ ನಿಘಂಟಿಗೆ ಇಂಥ ದಾಖಲೆಯನ್ನು ಬರೆಯುವುದಾದರೆ, ಟಿವೈ ಎಂಬ ಮೊದಲ ಸಾಲಿನಲ್ಲಿ ಇದು ಪುಸ್ತಕವೆಂದೂ, ಎಯು ಎಂಬಲ್ಲಿ ‘ಕಿಟೆಲ್, ಫರ್ಡಿನೆಂಡ್’ ಎಂದೂ, ಟಿಐ ಎಂಬಲ್ಲಿ ಗ್ರಂಥದ ಹೆಸರನ್ನೂ, ಪಿವೈ ಎಂಬಲ್ಲಿ 1894 ಎಂದೂ, ಸಿವೈ ಎಂಬಲ್ಲಿ ಮಂಗಳೂರು ಎಂದೂ ಬರೆದು, ಕೊನೆಗೆ ಇಆರ್ ಎಂಬ ಬರಿಯ ಸಾಲಿನಿಂದ ದಾಖಲೆಯನ್ನು ಮುಗಿಸಬೇಕು. ಈ ಇಆರ್ ಸಾಲು ಬಿಟ್ಟುಹೋದರೆ ಮುಂದಿನ ಗ್ರಂಥದ ವಿವರಗಳು ಹಿಂದಿನದಕ್ಕೆ ಅಂಟಿಕೊಂಡು, ಕಿಟೆಲ್ಲರ ನಿಘಂಟಿಗೆ ಇನ್ನಾರೋ ಸಹಕರ್ತೃಗಳಾಗಿ ಪ್ರತ್ಯಕ್ಷರಾಗುವ ವಿನೋದವೂ ಉಂಟು.

ಕಡತವನ್ನು ಎನ್‌ವಿವೊ ಸ್ವೀಕರಿಸಿದಾಗ ಲೇಖನದ ಪಿಡಿಎಫ್ ಪ್ರತಿಯು ಅಧ್ಯಯನದ ಆಕರವಾಗಿಯೂ, ಕರ್ತೃ ವರ್ಷ ಮೊದಲಾದ ವಿವರಗಳು ಆ ಆಕರದ ಲಕ್ಷಣಗಳಾಗಿಯೂ ಒಳಬರುವುವು; ಮ್ಯಾಕ್ಸ್‌ಕ್ಯೂಡಿಎಯಾದರೋ ಪ್ರತಿಯೊಂದು ದಾಖಲೆಯನ್ನೂ ಒಂದು ಚಿಕ್ಕ ಬರಹವನ್ನಾಗಿ ಮಾಡಿ, ಅದರ ಸಾಲುಗಳಿಗೆ ತಾನೇ ಗುರುತುಗಳನ್ನು ಹಚ್ಚಿಕೊಳ್ಳುವುದು. ಹೀಗಾದ ಮೇಲೆ 2000ಕ್ಕೆ ಮೊದಲು ಬರೆದವರು ಕೂಲಿಯನ್ನು ಕುರಿತು ಏನೆಂದರು, ಅನಂತರ ಬರೆದವರು ಏನೆಂದರು ಎಂಬ ಪ್ರಶ್ನೆಗೆ ಕ್ಷಣಮಾತ್ರದಲ್ಲಿ ಉತ್ತರ ದೊರೆಯುವುದು. ವರ್ಷದ ಅಂಕಣದಲ್ಲಿ ವರ್ಷವೇ ಇದ್ದರೆ ಮಾತ್ರ.

ದಾಟದೆ ಉಳಿಯುವುದರ ಪಟ್ಟಿ ಇದಕ್ಕಿಂತ ದೊಡ್ಡದು. ಝೊಟೆರೊದಲ್ಲಿ ಅಧ್ಯಾಯಕ್ಕೊಂದರಂತೆ ಕಟ್ಟಿಕೊಂಡ ಸಂಗ್ರಹಗಳ ವ್ಯವಸ್ಥೆ ಆರ್‌ಐಎಸ್‌ನಲ್ಲಿ ಬಾರದು. 2022ರಲ್ಲಿ ಬಂದ ಝೊಟೆರೊದ ಆರನೆಯ ಆವೃತ್ತಿಯಿಂದೀಚೆಗೆ ಅದರೊಳಗೇ ಪಿಡಿಎಫ್ ತೆರೆದು ಹಳದಿ ಗೆರೆ ಎಳೆಯುವ ಅನುಕೂಲವಿದೆಯಷ್ಟೆ. ಆ ಗೆರೆಗಳು ಇರುವುದು ಝೊಟೆರೊದ ದತ್ತಕೋಶದಲ್ಲಿ, ಪಿಡಿಎಫ್ ಕಡತದಲ್ಲಲ್ಲ. ಗೆರೆಗಳನ್ನೂ ಸೇರಿಸಿ ರಫ್ತು ಮಾಡೆಂದು ಹೇಳದಿದ್ದರೆ ಅಚ್ಚಬಿಳಿಯ ಪ್ರತಿಯೇ ಆಚೆ ಹೋಗುವುದು. ಹಾಗೆಯೇ ಕಡತಗಳನ್ನೂ ರಫ್ತು ಮಾಡೆಂಬ ಚೌಕಕ್ಕೆ ಗುರುತು ಹಾಕದೆ ಹೋದರೆ, ಅಥವಾ ಹಾಕಿ ಬಂದ ಫೋಲ್ಡರಿನಿಂದ ಆರ್‌ಐಎಸ್ ಕಡತವನ್ನಷ್ಟೇ ಎತ್ತಿ ಪೆನ್‌ಡ್ರೈವಿಗೆ ಹಾಕಿಕೊಂಡರೆ, ಹೆಸರುಗಳು ಬರುವುವೇ ಹೊರತು ಲೇಖನಗಳು ಬರಲಾರವು. ಎದುರು ದಿಕ್ಕಿನ ಪ್ರಯಾಣವಂತೂ ಇನ್ನೂ ಕೃಪಣವಾದುದು: ವಿಶ್ಲೇಷಣೆಯಲ್ಲಿ ತಿಂಗಳುಗಟ್ಟಲೆ ಹಚ್ಚಿದ ಗುರುತುಗಳಿಗೆ ಆರ್‌ಐಎಸ್‌ನಲ್ಲಿ ಸ್ಥಾನವೇ ಇಲ್ಲ. ಅವುಗಳನ್ನು ಒಂದು ವಿಶ್ಲೇಷಣ ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಲು ರೆಫಿ-ಕ್ಯೂಡಿಎ ಎಂಬ ಬೇರೆಯ ಒಡಂಬಡಿಕೆಯು 2019ರಲ್ಲಿ ಸಿದ್ಧವಾಯಿತು. ಅದರ ಕಾರ್ಯಕ್ಷೇತ್ರವೇ ಬೇರೆ.

ಇಷ್ಟು ಸಂಕಟ ಎಲ್ಲ ದೇಶದವರಿಗೂ ಸಮಾನ. ಕರಾವಳಿಯವರಿಗೆ ವಿಶೇಷವಾಗಿ ಮೀಸಲಾದುದೊಂದಿದೆ, ಅದು ಹೆಸರಿನದು. ಕರ್ತೃವಿನ ಹೆಸರನ್ನು ಈ ತಂತ್ರಾಂಶಗಳು ಎರಡು ತುಂಡು ಮಾಡುವುವು. ಕೊನೆಯ ಪದವನ್ನು ಕುಲನಾಮವೆಂದು ತಿಳಿದು ಮುಂದಕ್ಕೆ ತರುವುವು. ಕಿಟೆಲ್ಲರಿಗೆ ಇದರಿಂದ ಬಾಧಕವಿಲ್ಲ. ಆದರೆ ಛಂದಸ್ಸಿನ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರೂ, ಕವಿಗಳೂ ಪತ್ರಕರ್ತರೂ ಆಗಿದ್ದ ಕಡೆಂಗೋಡ್ಲು ಶಂಕರ ಭಟ್ಟರೂ, ಉಡುಪಿಯ ಕು.ಶಿ. ಹರಿದಾಸ ಭಟ್ಟರೂ ಗಣಕದ ದೃಷ್ಟಿಯಲ್ಲಿ ಮೂವರೂ ‘ಭಟ್ಟ’ರೇ. ನಾಡೆಲ್ಲ ಸೇಡಿಯಾಪು ಎಂದೇ ಕರೆದವರನ್ನು, ಕಡೆಂಗೋಡ್ಲು ಎಂದೇ ಬಲ್ಲವರನ್ನು, ಪ್ರಬಂಧದ ಆವರಣಚಿಹ್ನೆಯೊಳಗೆ ಬರಿಯ ‘ಭಟ್ಟ’ ಎಂದು ಕಂಡ ಓದುಗನು ಯಾವ ಭಟ್ಟರೆಂದು ಕೇಳದಿರುವನೆ? ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು ಅಸಂಖ್ಯ ರೈಗಳಲ್ಲಿ ಒಬ್ಬರಾಗುವರು. ಪಂಜೆ ಮಂಗೇಶರಾಯರಲ್ಲಿಯೂ ಮುಳಿಯ ತಿಮ್ಮಪ್ಪಯ್ಯನವರಲ್ಲಿಯೂ ಮನೆತನದ ಹೆಸರು ಮೊದಲೇ ಬಂದಿರುವುದರಿಂದ, ಯಂತ್ರವು ಅದನ್ನು ಹಿಂದಕ್ಕೆ ತಳ್ಳಿ ‘ಮಂಗೇಶರಾಯ, ಪಂಜೆ’ ಎಂದು ತಲೆಕೆಳಗು ಮಾಡಿ ನಿಲ್ಲಿಸುವುದು. ಮನೆತನ, ಊರು, ತಂದೆಯ ಹೆಸರಿನ ಮೊದಲಕ್ಷರ, ಇವುಗಳಲ್ಲಿ ಯಾವುದು ಎಲ್ಲಿ ನಿಲ್ಲುವುದೆಂಬುದಕ್ಕೆ ನಮ್ಮಲ್ಲಿ ಒಂದೇ ನಿಯಮವಿಲ್ಲ. ಇರಬೇಕಾದುದೂ ಇಲ್ಲವೆಂದು ನನ್ನ ಮತ.

ಈ ಪ್ರಶ್ನೆ ಯಂತ್ರಕ್ಕಿಂತ ಹಳೆಯದು. ಭಾರತೀಯ ಗ್ರಂಥಾಲಯ ವಿಜ್ಞಾನದ ಪ್ರವರ್ತಕರಾದ ಎಸ್.ಆರ್. ರಂಗನಾಥನ್ ಅವರು ತಮ್ಮ ಅಧ್ಯಾಪಕವೃತ್ತಿಯನ್ನು 1917ರಲ್ಲಿ ಆರಂಭಿಸಿದುದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಎಂದರೆ ಹಂಪನಕಟ್ಟೆಯ ಇಂದಿನ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ, ಗಣಿತದ ಉಪನ್ಯಾಸಕರಾಗಿ. ಗ್ರಂಥಾಲಯದ ಗೊಡವೆ ಆಗ ಅವರಿಗಿರಲಿಲ್ಲ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಮೇಲೆ ಅದು ಗಂಟುಬಿದ್ದುದು. 1933ರಲ್ಲಿ ಮೊದಲು ಪ್ರಕಟವಾದ ಅವರ ಕೋಲನ್ ವರ್ಗೀಕರಣದ ಮುಂದಿನ ಆವೃತ್ತಿಗಳಲ್ಲಿ ವಿಷಯದ ಒಂದೊಂದು ಮುಖಕ್ಕೂ ಒಂದೊಂದು ವಿರಾಮಚಿಹ್ನೆಯನ್ನು ಮುಂದೆ ನಿಲ್ಲಿಸಿ, ಇದು ದೇಶ, ಇದು ಕಾಲ ಎಂದು ಗೊಂದಲವಿಲ್ಲದೆ ಹೇಳುವ ವಿಧಾನಕ್ಕೂ, ಆರ್‌ಐಎಸ್ ಸಾಲಿನ ಮುಂದಿನ ಎರಡಕ್ಷರದ ಗುರುತಿಗೂ ತತ್ತ್ವದಲ್ಲಿ ಭೇದವಿಲ್ಲ. 1934ರಲ್ಲಿ ಪ್ರಕಟವಾದ ಅವರ ಸೂಚೀಸಂಹಿತೆಯು ಹೆಸರಿನ ಯಾವ ಭಾಗವು ಮುಂದೆ ಬರಬೇಕೆಂಬುದನ್ನು ವಿಚಾರಕ್ಕೆ ತಂದಿತು. ತೀರ್ಮಾನವನ್ನು ಅವರು ಬಿಟ್ಟುದು ಸಂಹಿತೆಯ ನಿಯಮಗಳಿಗೆ. ಇಂದಿನ ಯಂತ್ರವು ಬಿಡುವುದು ಅಲ್ಪವಿರಾಮಕ್ಕೆ.

ಪರಿಹಾರವಿಲ್ಲದಿಲ್ಲ. ಝೊಟೆರೊದಲ್ಲಿ ಕರ್ತೃವಿನ ಹೆಸರಿನ ಪಕ್ಕದಲ್ಲಿರುವ ಚಿಕ್ಕ ಗುಂಡಿಯನ್ನು ಒತ್ತಿದರೆ ಎರಡು ಅಂಕಣಗಳು ಒಂದಾಗುವುವು. ಆಗ ‘ಸೇಡಿಯಾಪು ಕೃಷ್ಣ ಭಟ್ಟ’ ಎಂದು ಇಡಿಯಾಗಿ ಬರೆದರೆ ಹೆಸರು ತುಂಡಾಗದು, ಅಕಾರಾದಿಯಲ್ಲಿಯೂ ‘ಸೇ’ ಎಂಬಲ್ಲಿಯೇ ನಿಲ್ಲುವುದು. ಎಂಡ್‌ನೋಟಿನಲ್ಲಿ ಇದೇ ಫಲವನ್ನು ಪಡೆಯಲು ಹೆಸರಿನ ಕೊನೆಗೆ ಒಂದು ಅಲ್ಪವಿರಾಮವನ್ನು ಹಾಕಬೇಕು. ಯಾವ ದಾರಿಯನ್ನು ಹಿಡಿದರೂ, ಹೆಸರನ್ನು ಸರಿಪಡಿಸುವುದು ದಾಟಿಸುವುದಕ್ಕೆ ಮೊದಲು ಆಗಬೇಕು. ದಾಟಿಸಿದ ಮೇಲೆ ಎರಡೂ ಕಡೆ ತಿದ್ದುತ್ತ ಕುಳಿತರೆ ಯಾವುದು ಶುದ್ಧಪ್ರತಿ ಎಂಬುದು ತಿದ್ದಿದವರಿಗೇ ಮರೆತುಹೋಗುವುದು.

ಇನ್ನು ಲಿಪಿ. ಕನ್ನಡವು 1991ರ ಮೊದಲ ಯೂನಿಕೋಡಿನಲ್ಲಿಯೇ ಸ್ಥಾನ ಪಡೆದಿದ್ದರೂ, ನಮ್ಮ ಕಚೇರಿಗಳೂ ಡಿಟಿಪಿ ಅಂಗಡಿಗಳೂ ಬಹುಕಾಲ ನುಡಿ, ಶ್ರೀಲಿಪಿಗಳ ಹಳೆಯ ಅಕ್ಷರವಿನ್ಯಾಸದಲ್ಲಿ ವ್ಯವಹರಿಸಿದುವು, ಈಗಲೂ ಎಷ್ಟೋ ಕಡೆ ವ್ಯವಹರಿಸುತ್ತಿರುವುವು. ಆ ವಿನ್ಯಾಸದಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಡತದೊಳಗಿರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಹಳೆಯ ಪ್ರಬಂಧದಿಂದ ಗ್ರಂಥಸೂಚಿಯನ್ನು ನಕಲು ಮಾಡಿ ಝೊಟೆರೊದಲ್ಲಿ ಅಂಟಿಸಿದಾಗ ಆ ಕಲಸುಮೇಲೋಗರವೇ ಎದ್ದು ನಿಲ್ಲುವುದು. ಪರಿವರ್ತಕಗಳು ಉಂಟು, ಅವುಗಳಿಂದ ಹೊರಬಂದುದನ್ನು ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ವಿಶೇಷ ದೃಷ್ಟಿಯಿಟ್ಟು ಒಮ್ಮೆ ಓದಲೇಬೇಕು. ಆರ್‌ಐಎಸ್ ಕಡತವನ್ನು ಉಳಿಸುವಾಗಲೂ ಯುಟಿಎಫ್-8 ಎಂಬ ಸಂಕೇತಕ್ರಮವನ್ನೇ ಆರಿಸಿಕೊಳ್ಳಬೇಕು. ತಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡುವುದು.

ಹೊಸದಾಗಿ ಸಂಶೋಧನೆಗೆ ತೊಡಗುವವರಿಗೆ ನಾನು ಹೇಳುವುದಿಷ್ಟು. ಮೂಲಪ್ರತಿಯು ಉಲ್ಲೇಖ ತಂತ್ರಾಂಶದಲ್ಲಿಯೇ ಇರಲಿ, ತಿದ್ದುಪಡಿಯೆಲ್ಲ ಅಲ್ಲಿಯೇ ನಡೆಯಲಿ. ವಿಶ್ಲೇಷಣೆಗೆ ಹೋಗುವುದು ಅದರ ನಕಲೆಂದು ತಿಳಿಯಿರಿ. ಮುನ್ನೂರು ಗ್ರಂಥಗಳನ್ನು ಒಮ್ಮೆಗೇ ದಾಟಿಸುವ ಮೊದಲು, ಒಂದು ಕನ್ನಡ ಪುಸ್ತಕ, ಒಂದು ಇಂಗ್ಲಿಷ್ ಲೇಖನ, ಒಂದು ಅಪ್ರಕಟಿತ ಪ್ರಬಂಧ, ಒಂದು ಪತ್ರಿಕಾವರದಿ, ಇಷ್ಟನ್ನು ದಾಟಿಸಿ, ಬಂದುದನ್ನು ಸಾಲುಸಾಲಾಗಿ ಪರೀಕ್ಷಿಸಿರಿ.

ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದವರಲ್ಲಿಯೂ ಗ್ರಂಥಪಾಲಕರಲ್ಲಿಯೂ ಒಂದು ವಿಜ್ಞಾಪನೆಯುಂಟು. ಕರಾವಳಿಯ ಲೇಖಕರ ಹೆಸರುಗಳನ್ನು ಯಾವ ಪದದಿಂದ ಆರಂಭಿಸಬೇಕೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಪಾಡಿಗೆ ತಾನು ನಿರ್ಣಯಿಸುತ್ತಿರುವ ಬದಲು, ಬಲ್ಲವರು ನಾಲ್ಕು ಮಂದಿ ಕುಳಿತು, ಮುಖ್ಯ ಕೃತಿಗಳ ವಿವರಗಳೊಂದಿಗೆ ಒಂದು ಶುದ್ಧವಾದ ಸೂಚಿಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಿ, ಆರ್‌ಐಎಸ್ ಕಡತವಾಗಿಯೇ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಇಡಬೇಕು.