ಆಗಮವೂ ಆದೇಶವೂ: ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಆಗಮವು ಮಿತ್ರನಂತೆ, ಆದೇಶವು ಶತ್ರುವಿನಂತೆ ಎಂದು ಹೇಳುವ ವಾಡಿಕೆ ವೈಯಾಕರಣರಲ್ಲುಂಟು. ಆಗಮವು ಇದ್ದ ವರ್ಣದ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಆದೇಶವು ಇದ್ದುದನ್ನು ಹೊರದೂಡಿ ಆ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳುತ್ತದೆ. ಹಳೆಯ ಗಣಕಯಂತ್ರಗಳ ಜೀರ್ಣೋದ್ಧಾರದಲ್ಲಿಯೂ ಈ ಭೇದವು ವಿಚಾರಾರ್ಹವಾದುದು. ಕಮೊಡೋರ್ ೬೪ ಎಂಬ ಯಂತ್ರವು ಇದಕ್ಕೆ ಒಳ್ಳೆಯ ಉದಾಹರಣೆ.

ಅಮೆರಿಕದಲ್ಲಿ ೧೯೮೨ರಲ್ಲಿ ಮಾರಾಟಕ್ಕೆ ಬಂದು ೧೯೯೪ರವರೆಗೆ ತಯಾರಾದ ಈ ಗೃಹಯಂತ್ರಕ್ಕೆ ೬೪ ಕಿಲೋಬೈಟು ಮೆಮೊರಿ. ಮನೆಯ ಟೆಲಿವಿಷನ್ನೇ ಪರದೆ. ಉಳಿದಿರುವ ಯಂತ್ರಗಳಿಗೆ ಮೊದಲ ಅಪಾಯವು ಅದರ ಮೂಲ ವಿದ್ಯುತ್ಪೆಟ್ಟಿಗೆಯಿಂದಲೇ ಒದಗುತ್ತದೆ. ಅನೇಕ ಪೆಟ್ಟಿಗೆಗಳ ಒಳಗೆ ರಾಳವನ್ನು ತುಂಬಿ ಗಟ್ಟಿಮಾಡಿರುವುದರಿಂದ ಶಾಖವು ಹೊರಬೀಳದು, ರಿಪೇರಿಯೂ ಸುಲಭವಲ್ಲ. ಒಳಗಿನ ನಿಯಂತ್ರಕವು ಕೆಟ್ಟರೆ ೫ ವೋಲ್ಟು ಬರಬೇಕಾದಲ್ಲಿ ಹೆಚ್ಚು ಬಂದು ಮೆಮೊರಿ ಚಿಪ್ಪುಗಳು ಸುಟ್ಟುಹೋಗುತ್ತವೆ. ಒಂದನ್ನು ಉಳಿಸಿಕೊಂಡರೆ ಉಳಿದವೆಲ್ಲ ನಾಶವಾಗುವ ಇಂತಹ ಸ್ಥಳದಲ್ಲಿ ಆದೇಶವೇ ವಿಹಿತ. ಹೊಸ ಪೆಟ್ಟಿಗೆಯಿಲ್ಲದೆ ಯಂತ್ರಕ್ಕೆ ವಿದ್ಯುತ್ತನ್ನು ಕೊಡತಕ್ಕದ್ದಲ್ಲ.

ಸಂಗ್ರಹಸಾಧನಕ್ಕಾದರೋ ಆಗಮವೇ ಸಾಕು. ೧೫೪೧ ಎಂಬ ಹಳೆಯ ಡ್ರೈವಿನ ಒಂದು ಡಿಸ್ಕು ಹಿಡಿಯುತ್ತಿದ್ದುದು ಸುಮಾರು ೧೭೦ ಕಿಲೋಬೈಟು. ಈಗ ಅಂತಹ ನೂರಾರು ಡಿಸ್ಕುಗಳ ಪ್ರತಿಗಳನ್ನು ಒಂದು ಮೆಮೊರಿ ಕಾರ್ಡಿನಲ್ಲಿಟ್ಟು, ಹಿಂಬದಿಯ ಕಿಂಡಿಗೆ ಜೋಡಿಸುವ ಸಾಧನಗಳಿವೆ. ಒಂದು ತಿರುಪನ್ನೂ ಬಿಚ್ಚಬೇಕಾಗಿಲ್ಲ, ಬೇಡವೆಂದಾಗ ತೆಗೆದಿಡಬಹುದು.

ನಿಜವಾದ ಸಂಶಯವಿರುವುದು ಧ್ವನಿಯ ಚಿಪ್ಪಿನಲ್ಲಿ. ಮೊದಲಿನ ೬೫೮೧ ಚಿಪ್ಪಿನಲ್ಲಿ ಒಂದು ದೋಷವಿದ್ದಿತು: ಧ್ವನಿಯ ಪ್ರಮಾಣವನ್ನು ಬದಲಿಸಿದಾಗಲೆಲ್ಲ 'ಟಕ್' ಎಂಬ ಶಬ್ದವುಂಟಾಗುತ್ತಿದ್ದಿತು. ಸಂಗೀತವನ್ನು ರಚಿಸುವವರು ಆ ಪ್ರಮಾಣವನ್ನು ಅತಿವೇಗವಾಗಿ ಬದಲಿಸಿ, ಅದೇ ದೋಷದಿಂದ ಮನುಷ್ಯಧ್ವನಿಯನ್ನೂ ಮದ್ದಳೆಯಂತಹ ನಾದವನ್ನೂ ಹೊರಡಿಸಿದರು. ಮುಂದೆ ಬಂದ ೮೫೮೦ ಚಿಪ್ಪಿನಲ್ಲಿ ದೋಷವು ಬಹುಮಟ್ಟಿಗೆ ನಿವಾರಣೆಯಾಯಿತು. ಹಳೆಯ ಕೃತಿಗಳಲ್ಲಿನ ಆ ಧ್ವನಿಗಳೂ ಕೇಳಿಸದಷ್ಟು ಕ್ಷೀಣವಾದವು. ಮೊದಲಿನದಕ್ಕೆ ೧೨ ವೋಲ್ಟು, ಎರಡನೆಯದಕ್ಕೆ ೯ ವೋಲ್ಟು ಬೇಕಾದುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹಾಗೆಯೇ ಇಡುವುದೂ ಯುಕ್ತವಲ್ಲ.

ಓಲೆಯ ಪ್ರತಿಯಲ್ಲಿ ಕವಿಪ್ರಯೋಗವನ್ನು ಅಪಶಬ್ದವೆಂದು ಬಗೆದು ತಿದ್ದಿದ ಲಿಪಿಕಾರನು ಮಾಡಿದುದೂ ಇದನ್ನೇ. ಅವನ ಪಾಠವು ಶುದ್ಧವಾಗಿರಬಹುದು, ಕವಿಯದಂತೂ ಅಲ್ಲ. ಆದುದರಿಂದ ಜೀರ್ಣೋದ್ಧಾರಕನು ಆಗಮದಿಂದ ನಡೆಯುವಲ್ಲಿ ಆದೇಶವನ್ನು ಮಾಡಬಾರದು. ಮಾಡಲೇಬೇಕಾದಲ್ಲಿ ಬೆಸೆಯದೆ ಸಾಕೆಟ್ಟಿನಲ್ಲಿ ಕೂಡಿಸಿ, ತೆಗೆದ ಭಾಗವನ್ನು ಕಾದಿರಿಸಿ, ಬದಲಾವಣೆಯನ್ನು ಬರೆದಿಡಬೇಕು. ಸಂಪಾದಕನು ತಾನು ಬಿಟ್ಟ ಪಾಠವನ್ನು ಅಡಿಯಲ್ಲಿ ಕೊಡುವುದು ಇದೇ ಕಾರಣದಿಂದ.