ಯುದ್ಧದ ಕೋವಿಗೆ ಬೇಟೆಯ ಗುಂಡು

ಠಾಣೆಯ ಬಾಗಿಲಲ್ಲಿ, ಖಜಾನೆಯ ಮುಂದೆ, ಮತಗಟ್ಟೆಯ ಕಾವಲಿನಲ್ಲಿ ನಿಂತ ಪೇದೆಯ ಹೆಗಲಿಗೆ ದಶಕಗಟ್ಟಲೆ ಜೋತುಬಿದ್ದಿದ್ದ ಮರದ ಮೈಯ ರೈಫಲ್ಲನ್ನು ನಾವು ‘ತ್ರೀ ನಾಟ್ ತ್ರೀ’ ಎಂದೇ ಬಲ್ಲೆವು. ಕಾಗದದ ಮೇಲೆ ಅದರ ಹೆಸರು ಲೀ-ಎನ್‌ಫೀಲ್ಡ್. 1895ರಲ್ಲಿ ಬ್ರಿಟಿಷ್ ಸೇನೆ ಸೇರಿದ ಈ ಕೋವಿ ಎರಡು ಮಹಾಯುದ್ಧಗಳನ್ನು ಕಂಡಿತು. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲೂ ತಯಾರಾಯಿತು. ಕೆನಡಾದ ಟೊರೊಂಟೊ ಪಕ್ಕದ ಲಾಂಗ್ ಬ್ರಾಂಚ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಸುಮಾರು ಒಂಬತ್ತು ಲಕ್ಷ ರೈಫಲ್‌ಗಳು ಸಿದ್ಧವಾದವು. ಯುದ್ಧ ಮುಗಿದ ಮೇಲೆ ಅವು ಅಗ್ಗದ ಬೆಲೆಗೆ ಮಾರಾಟವಾದವು. ರೈತರು, ಮರ ಕಡಿಯುವವರು, ಉತ್ತರದ ಮೂಲನಿವಾಸಿ ಕುಟುಂಬಗಳು ಕೊಂಡುಕೊಂಡು, ಮುಂಭಾಗದ ಮರವನ್ನು ಕತ್ತರಿಸಿ ಹಗುರ ಮಾಡಿ ಜಿಂಕೆ ಬೇಟೆಗೆ ಒಯ್ದರು. ಧ್ರುವಪ್ರದೇಶ ಕಾಯುವ ಕೆನಡಿಯನ್ ರೇಂಜರ್ಸ್ ಎಂಬ ಪಡೆ 1947ರಿಂದ ಏಳು ದಶಕ ಇದೇ ಕೋವಿಯನ್ನು ಹಿಡಿದಿತ್ತು.

ಈಗಲೂ ಅಲ್ಲಿ ಶರತ್ಕಾಲ ಬಂದರೆ ಅಜ್ಜನ ಕಾಲದ ತ್ರೀ ನಾಟ್ ತ್ರೀ ಕಪಾಟಿನಿಂದ ಹೊರಬರುತ್ತದೆ. ಇದಕ್ಕೆ ಯಾವ ತೋಟಾ ಹಾಕಬೇಕು? ಕೇಳಲು ಇದು ಅಂಗಡಿಯ ಮಾತು. ಉತ್ತರ ಹುಡುಕುತ್ತ ಹೋದರೆ ಭೌತವಿಜ್ಞಾನ, ಶಸ್ತ್ರವೈದ್ಯ, ಅಂತರರಾಷ್ಟ್ರೀಯ ಕಾನೂನು ಎಲ್ಲವೂ ಎದುರಾಗುತ್ತವೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಪರಾಧ. ಅದು ಅಪರಾಧವಾಗಿಯೇ ಉಳಿಯಬೇಕು ಎಂಬುದು ನನ್ನ ಖಚಿತ ನಿಲುವು. ಉತ್ತರ ಅಮೆರಿಕದ ಪರಿಸ್ಥಿತಿ ಬೇರೆ. ತೋಳಗಳು ಅಳಿದುಹೋದ ಎಷ್ಟೋ ಸೀಮೆಗಳಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆಯನ್ನು ಪರವಾನಗಿ ಪಡೆದ ಬೇಟೆಯ ಮೂಲಕವೇ ಸರ್ಕಾರಗಳು ಹತೋಟಿಯಲ್ಲಿಡುತ್ತವೆ. ಅದರ ಸರಿತಪ್ಪುಗಳ ಚರ್ಚೆ ದೊಡ್ಡದು. ಆದರೆ ಒಂದು ಪ್ರಾಣಿಗೆ ಗುಂಡು ಹಾರಿಸುವುದೇ ಆದರೆ ಅದು ನರಳದೆ ಸಾಯಬೇಕು ಎನ್ನುವುದರಲ್ಲಿ ಚರ್ಚೆಗೆ ಎಡೆಯಿಲ್ಲ. ಆ ಹೊಣೆಯ ಬಹುಪಾಲು ಹತ್ತು ಹನ್ನೊಂದು ಗ್ರಾಂ ತೂಕದ ಲೋಹದ ತುಂಡಿನ ಮೇಲಿದೆ.

1910ರಲ್ಲಿ ಜಾರಿಗೆ ಬಂದ ಮಾರ್ಕ್ 7 ಎಂಬ ತೋಟಾ ಈ ಕೋವಿಯ ಪ್ರಸಿದ್ಧ ಸೈನಿಕ ಆಹಾರ. ಅದರ ಗುಂಡಿನ ತೂಕ 174 ಗ್ರೇನ್, ಅಂದರೆ ಸುಮಾರು 11.3 ಗ್ರಾಂ. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 744 ಮೀಟರ್, ಚಲನಶಕ್ತಿ ಸುಮಾರು 3100 ಜೂಲ್. ಜಿಂಕೆಯನ್ನು ಕೊಲ್ಲಲು ಇಷ್ಟು ಶಕ್ತಿ ಬೇಕಾದಷ್ಟಾಯಿತು. ತೊಡಕು ಇರುವುದು ಗುಂಡಿನ ಕಟ್ಟಡದಲ್ಲಿ. ಒಳಗೆ ಸೀಸ, ಅದರ ತುದಿಯಿಂದ ಬುಡದ ಅಂಚಿನವರೆಗೂ ಗಟ್ಟಿ ಲೋಹದ ಕವಚ. ಮೈಗೆ ಹೊಕ್ಕರೂ ಗುಂಡಿನ ಆಕಾರ ಕೆಡದಿರಲಿ ಎಂದೇ ಹೀಗೆ ಮಾಡಿದ್ದು.

ಜಿಂಕೆ ಸಾಯುವುದು ಹೃದಯ, ಶ್ವಾಸಕೋಶಗಳಿಂದ ರಕ್ತ ಸೋರಿ ಮಿದುಳಿಗೆ ಆಮ್ಲಜನಕ ನಿಂತಾಗ. ಎದೆಗೆ ಸರಿಯಾಗಿಯೇ ಗುಂಡು ಬಿದ್ದರೂ ಪ್ರಜ್ಞೆ ತಪ್ಪಲು ಹತ್ತು ಹದಿನೈದು ಸೆಕೆಂಡು ಹಿಡಿಯಬಹುದು. ಅಷ್ಟರಲ್ಲಿ ಓಡುವ ಜಿಂಕೆ ನೂರು ಮೀಟರ್ ದಾಟಿರುತ್ತದೆ. ಗಾಯದ ದಾರಿ ಕಿರಿದಾಗಿದ್ದರೆ ಈ ಸೆಕೆಂಡುಗಳು ನಿಮಿಷಗಳಾಗುತ್ತವೆ, ಕೆಲವೊಮ್ಮೆ ಗಂಟೆಗಳೂ ಆಗುತ್ತವೆ. ಪೂರ್ಣ ಕವಚದ ಗುಂಡು ಎಂಟು ಮಿಲಿಮೀಟರಿನಷ್ಟು ರಂಧ್ರ ಕೊರೆದು ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಹೊತ್ತುಕೊಂಡೇ ಆಚೆ ಬದಿಯಿಂದ ಹೊರಬೀಳಬಹುದು. ಹೊರಟ ಶಕ್ತಿ ಎಷ್ಟು ಎನ್ನುವುದಕ್ಕಿಂತ, ಅದರಲ್ಲಿ ಎಷ್ಟು ಮೈಯೊಳಗೆ, ಯಾವ ಆಳದಲ್ಲಿ ಇಳಿಯಿತು ಎನ್ನುವುದೇ ಮುಖ್ಯ.

ಮಾರ್ಕ್ 7ರಲ್ಲಿ ಇನ್ನೊಂದು ಗುಟ್ಟಿತ್ತು. ಗುಂಡಿನ ಮೂತಿಯೊಳಗೆ ಸೀಸದ ಬದಲು ಅಲ್ಯೂಮಿನಿಯಂ ಅಥವಾ ಅದರಂಥ ಹಗುರ ವಸ್ತು ತುಂಬಿದ್ದರಿಂದ ತೂಕವೆಲ್ಲ ಬುಡಕ್ಕೆ ಸರಿದಿತ್ತು. ಗಾಳಿಯಲ್ಲಿ ಅದನ್ನು ನೇರವಾಗಿಡುವುದು ಅದರ ತಿರುಗುವಿಕೆ. ನಳಿಗೆಯೊಳಗಿನ ಸುರುಳಿ ತೋಡುಗಳು ಪ್ರತಿ 254 ಮಿಲಿಮೀಟರಿಗೆ ಒಂದು ಸುತ್ತು ಕೊಡುತ್ತವೆ. ಅಂದರೆ ಗುಂಡು ಸೆಕೆಂಡಿಗೆ ಸುಮಾರು 2900 ಸಲ ತಿರುಗುತ್ತದೆ. ಗಾಳಿಗಿಂತ ಎಂಟುನೂರು ಪಟ್ಟು ಸಾಂದ್ರವಾದ ಮಾಂಸಕ್ಕೆ ಹೊಕ್ಕಾಗ ಈ ತಿರುಗುವಿಕೆಯೂ ಸಾಲದು. ಹಿಂಭಾರದ ಗುಂಡು ಅಡ್ಡ ತಿರುಗಿ ದೊಡ್ಡ ಗಾಯ ಮಾಡುತ್ತದೆ. ಹಾಗಾದರೆ ಜಿಂಕೆಗೂ ಇದೇ ಸಾಕಲ್ಲ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಷ್ಟು ಆಳಕ್ಕೆ ಹೋದ ಮೇಲೆ ಅಡ್ಡ ತಿರುಗುತ್ತದೆ ಎನ್ನುವುದು ಪ್ರತಿ ಹೊಡೆತಕ್ಕೂ ಬದಲಾಗುತ್ತದೆ. ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಪ್ರಯೋಗಾಲಯದಲ್ಲಿ ಮಾಂಸದ ಬದಲು ತಂಪಾದ ಜೆಲಟಿನ್ ಗಟ್ಟಿಗಳಿಗೆ ಬಗೆಬಗೆಯ ಗುಂಡು ಹಾರಿಸಿ ಗಾಯದ ದಾರಿಗಳ ನಕ್ಷೆ ಬರೆದರು. ಪೂರ್ಣ ಕವಚದ ಎಷ್ಟೋ ಸೈನಿಕ ಗುಂಡುಗಳು ಮೊದಲ ಹತ್ತಾರು ಸೆಂಟಿಮೀಟರ್ ನೇರವಾಗಿಯೇ ಸಾಗುತ್ತವೆಂದು ಆ ನಕ್ಷೆಗಳು ತೋರಿಸಿದವು. ಜಿಂಕೆಯ ಎದೆಯ ಅಗಲವೇ ಅಷ್ಟು. ಗುಂಡು ತಿರುಗುವ ಹೊತ್ತಿಗೆ ಜಿಂಕೆಯನ್ನು ದಾಟಿ ಹೋಗಿರಬಹುದು.

ಬೇಟೆಯ ಗುಂಡು ಬೇರೆ ಬಗೆಯದು. ಅದರ ಕವಚ ಮೂತಿಯ ಬಳಿ ನಿಂತುಬಿಡುತ್ತದೆ, ಸೀಸ ಹೊರಗೆ ಕಾಣುತ್ತದೆ. ಸೆಕೆಂಡಿಗೆ 700 ಮೀಟರ್ ವೇಗದಲ್ಲಿ ನೀರಿನಂಥ ಅಂಗಾಂಶಕ್ಕೆ ಬಡಿದಾಗ ಮೂತಿಯ ಮೇಲೆ ಬೀಳುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 2400 ಪಟ್ಟು. ಮೆದು ಸೀಸ ಇದರ ಹತ್ತರಲ್ಲೊಂದು ಪಾಲಿಗೇ ಮಣಿಯುತ್ತದೆ. ಸೀಸ ಹಿಂದಕ್ಕೆ ಹರಿಯುತ್ತ ಕವಚವನ್ನೂ ಸೀಳಿಕೊಂಡು ಅಣಬೆಯಂತೆ ಅರಳುತ್ತದೆ. ವ್ಯಾಸ ಎರಡು ಪಟ್ಟಾದರೆ ಎದುರಿನ ವಿಸ್ತೀರ್ಣ ನಾಲ್ಕು ಪಟ್ಟು. ಗಾಯದ ದಾರಿ ಮೊದಲಿನಿಂದಲೇ ಅಗಲವಾಗುತ್ತದೆ, ರಕ್ತದೊತ್ತಡ ತಟ್ಟನೆ ಕುಸಿಯುತ್ತದೆ.

ಈ ಅರಳುವ ಗುಂಡಿನ ಚರಿತ್ರೆಗೆ ಭಾರತದ ನೆಲದ ನಂಟಿದೆ. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಇಂದಿನ ಪಾಕಿಸ್ತಾನದ ವಾಯವ್ಯ ಗಡಿಯಲ್ಲಿ, ಹೊಸ 0.303 ಗುಂಡು ತಗುಲಿದವರೂ ಮುನ್ನುಗ್ಗಿ ಬರುತ್ತಾರೆಂದು ಬ್ರಿಟಿಷ್ ಸೈನಿಕರು ದೂರಿದರು. ಕಲ್ಕತ್ತದ ಹತ್ತಿರದ ಡಮ್‌ಡಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬ ಅಧಿಕಾರಿ ಕವಚದ ತುದಿಯನ್ನು ತುಸುವೇ ತೆರೆದು ಸೀಸ ಇಣುಕುವಂತೆ ಮಾಡಿದ. ಊರಿನ ಹೆಸರು ಗುಂಡಿಗೆ ಅಂಟಿತು, ಜಗತ್ತಿನಾದ್ಯಂತ ಹಬ್ಬಿತು. ಯುರೋಪಿನಲ್ಲಿ ಪ್ರತಿಭಟನೆ ಎದ್ದಿತು. ಜರ್ಮನಿಯ ಟ್ಯೂಬಿಂಗನ್‌ನ ಶಸ್ತ್ರವೈದ್ಯ ಪಾಲ್ ಫಾನ್ ಬ್ರುನ್ಸ್ ಪ್ರಯೋಗ ನಡೆಸಿ ಭೀಕರ ಗಾಯಗಳನ್ನು ವರದಿ ಮಾಡಿದರು. ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯವನ್ನು ಗುರುತಿಸಿ ಹೆಸರಾಗಿದ್ದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಆ ಪ್ರಯೋಗದ ದೋಷವನ್ನು ಎತ್ತಿ ತೋರಿಸಿದರು. ಫಾನ್ ಬ್ರುನ್ಸ್ ಬಳಸಿದ್ದು ಡಮ್‌ಡಮ್ ಗುಂಡನ್ನೇ ಅಲ್ಲ. ಸೀಸ ಬಹಳಷ್ಟು ಹೊರಚಾಚಿದ್ದ ಜರ್ಮನ್ ಬೇಟೆ ಗುಂಡನ್ನು! ಆದರೂ 1899ರ ಹೇಗ್ ಸಮ್ಮೇಳನ ಮನುಷ್ಯದೇಹದಲ್ಲಿ ಸುಲಭವಾಗಿ ಅರಳುವ ಇಲ್ಲವೇ ಚಪ್ಪಟೆಯಾಗುವ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸುವ ಘೋಷಣೆಯನ್ನು ಅಂಗೀಕರಿಸಿತು. ಪ್ರಯೋಗ ತಪ್ಪಿದ್ದರೂ ತೀರ್ಮಾನ ಒಳ್ಳೆಯದೇ ಆಯಿತು ಎನ್ನುವುದು ನನ್ನ ಅಭಿಪ್ರಾಯ. ಬ್ರಿಟನ್ ಮೊದಲು ವಿರೋಧಿಸಿ, 1907ರಲ್ಲಿ ಒಪ್ಪಿಕೊಂಡಿತು.

ಬೇಟೆಯ ಕಾನೂನು ಇದಕ್ಕೆ ತೀರ ತದ್ವಿರುದ್ಧ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ರೈಫಲ್ಲಿನಿಂದ ಜಿಂಕೆ ಹೊಡೆಯುವವರಿಗೆ ಮೆದು ಮೂತಿಯ ಅಥವಾ ಟೊಳ್ಳು ಮೂತಿಯ ಗುಂಡನ್ನೇ ಕಡ್ಡಾಯ ಮಾಡಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯ, ಆಲ್ಬರ್ಟಾ ಪ್ರಾಂತ್ಯಗಳಲ್ಲೂ ದೊಡ್ಡ ಪ್ರಾಣಿಗಳ ಮೇಲೆ ಅರಳದ ಗುಂಡು ಹಾರಿಸುವಂತಿಲ್ಲ. ಸೈನಿಕ ಗಾಯಗೊಂಡರೆ ಅವನನ್ನು ಹೊತ್ತೊಯ್ದು ಉಳಿಸಲು ವೈದ್ಯರಿದ್ದಾರೆ, ಆದ್ದರಿಂದ ಗಾಯ ಚಿಕ್ಕದಾಗಿರಲಿ ಎಂದು ಒಂದು ಕಾನೂನು ಕೇಳುತ್ತದೆ. ಗಾಯಗೊಂಡು ಪೊದೆ ಸೇರಿದ ಜಿಂಕೆಗೆ ಯಾರೂ ಇಲ್ಲ, ಆದ್ದರಿಂದ ಸಾವು ಬೇಗ ಬರಲಿ ಎಂದು ಇನ್ನೊಂದು ಕೇಳುತ್ತದೆ. ಎರಡರ ಹಿಂದಿರುವುದೂ ನೋವು ಕಡಿಮೆಯಾಗಲಿ ಎಂಬ ಕಾಳಜಿಯೇ.

ಅಗ್ಗದ ಸೈನಿಕ ತೋಟಾಗಳ ಮೂತಿಯನ್ನು ಅರದಿಂದ ಉಜ್ಜಿ ಬೇಟೆ ಗುಂಡು ಮಾಡಿಕೊಳ್ಳುವ ಹಳೆಯ ಚಾಳಿಯೊಂದಿದೆ. ಇದು ಜೀವಕ್ಕೇ ಅಪಾಯ. ಸೈನಿಕ ಗುಂಡಿನ ಕವಚ ಬುಡದಲ್ಲಿ ತೆರೆದಿರುತ್ತದೆ. ಮೂತಿಯನ್ನೂ ತೆರೆದರೆ ಅದು ಎರಡೂ ಕಡೆ ಬಾಯಿಯಿರುವ ಕೊಳವೆಯಾಗುತ್ತದೆ. ಮದ್ದಿನ ಅನಿಲ ಸೀಸವನ್ನಷ್ಟೇ ಹೊರಗೆ ತಳ್ಳಿ ಕವಚ ನಳಿಗೆಯಲ್ಲೇ ಉಳಿದರೆ, ಮುಂದಿನ ಗುಂಡು ಅದಕ್ಕೆ ಬಡಿದು ನಳಿಗೆ ಸಿಡಿಯುತ್ತದೆ, ಹೊಡೆದವನ ಮುಖದ ಪಕ್ಕದಲ್ಲೇ.

ಇನ್ನು ಅಳತೆ. 0.303 ಇಂಚು ಎನ್ನುವುದು ನಳಿಗೆಯ ಏಣುಗಳ ನಡುವಿನ ಅಂತರ. ತೋಡುಗಳ ತಳದಿಂದ ತಳಕ್ಕೆ ಅಳೆದರೆ 0.311ರಿಂದ 0.313 ಇಂಚು, ಯುದ್ಧದ ಅವಸರದಲ್ಲಿ ತಯಾರಾದ ಕೆಲವು ನಳಿಗೆಗಳಲ್ಲಿ ಇನ್ನೂ ಹೆಚ್ಚು. ಅಮೆರಿಕದ ಜನಪ್ರಿಯ ಮೂವತ್ತರ ಕ್ಯಾಲಿಬರ್ ಗುಂಡಿನ ವ್ಯಾಸ 0.308 ಇಂಚು. ವ್ಯತ್ಯಾಸ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಆಸುಪಾಸು. ಆದರೂ ತೆಳು ಗುಂಡು ತೋಡುಗಳನ್ನು ಬಿಗಿಯಾಗಿ ಕಚ್ಚುವುದಿಲ್ಲ, ಅನಿಲ ಪಕ್ಕದಿಂದ ಸೋರುತ್ತದೆ, ಗುರಿ ಚೆದುರುತ್ತದೆ. ಸ್ವಂತವಾಗಿ ತೋಟಾ ತುಂಬಿಕೊಳ್ಳುವವರು 0.311 ಅಥವಾ 0.312ರ ಗುಂಡನ್ನೇ ಕೊಳ್ಳಬೇಕು. ಕಾರ್ಖಾನೆಯ ಸಿದ್ಧ 0.303 ತೋಟಾದಲ್ಲಿ ಈ ಅಳತೆ ಸರಿಯಾಗಿಯೇ ಇರುತ್ತದೆ. ಇಶಾಪುರದಲ್ಲಿ 1960ರ ದಶಕದಲ್ಲಿ ತಯಾರಾದ 2ಎ, 2ಎ1 ಎಂಬ ಕೋವಿಗಳು ನೋಡಲು ತ್ರೀ ನಾಟ್ ತ್ರೀಯಂತೆಯೇ ಇವೆ, ಆದರೆ ತಿನ್ನುವುದು 7.62 ಮಿಲಿಮೀಟರಿನ ಬೇರೆ ತೋಟಾ. ರೂಪ ನಂಬದೆ ನಳಿಗೆಯ ಮೇಲಿನ ಗುರುತು ಓದಬೇಕು.

ತೂಕದ ಆಯ್ಕೆಯನ್ನು ವೇಗದ ಜೊತೆ ಸೇರಿಸಿಯೇ ನೋಡಬೇಕು. ಕಾರ್ಖಾನೆಯ 150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ, 180 ಗ್ರೇನಿನದು ಸುಮಾರು 750 ಮೀಟರ್. ಲೆಕ್ಕ ಹಾಕಿದರೆ ಎರಡರ ಶಕ್ತಿಯೂ 3270 ಜೂಲ್ ಆಸುಪಾಸು. ಹಗುರವಾದದ್ದು ಚಪ್ಪಟೆ ಹಾದಿಯಲ್ಲಿ ಹಾರುತ್ತದೆ. ಭಾರದ್ದು ಮೂಳೆ ಸಿಕ್ಕರೂ ಆಳಕ್ಕೆ ಇಳಿಯುತ್ತದೆ. ಸಾಮಾನ್ಯ ಮೆದು ಮೂತಿಯ ಗುಂಡು ನೆಚ್ಚುವಂತೆ ಅರಳಲು ಸುಮಾರು 550 ಮೀಟರ್ ವೇಗವಾದರೂ ಉಳಿದಿರಬೇಕು. ಮೊಂಡು ಮೂತಿಯ 180 ಗ್ರೇನ್ ಗುಂಡು ಗಾಳಿಯ ತಡೆಗೆ ಸಿಕ್ಕಿ ಹೆಚ್ಚು ಕಡಿಮೆ 180 ಮೀಟರ್ ದೂರಕ್ಕೇ ಈ ಗಡಿಗೆ ಇಳಿಯುತ್ತದೆ. ಅದರಾಚೆ ಹೊಡೆದರೆ ಬೇಟೆಯ ಗುಂಡೂ ಸೈನಿಕ ಗುಂಡಿನಂತೆಯೇ ವರ್ತಿಸತೊಡಗುತ್ತದೆ. ಕೋವಿಯ ಹಿಂಭಾಗದ ಗುರಿಪಟ್ಟಿಯಲ್ಲಿ ಸಾವಿರ ಗಜದ ಗುರುತೂ ಇರಬಹುದು. ಅದು ಕೆತ್ತಿದ್ದು ಯುದ್ಧಕ್ಕಾಗಿ.

ಸೀಸದ ಗುಂಡಿನ ದೋಷ ಅರಳಿದ ಮೇಲೆ ಶುರುವಾಗುತ್ತದೆ. ಅರಳುವಾಗ ಸೀಸದ ಚೂರುಗಳು ಉದುರಿ ಮಾಂಸದಲ್ಲಿ ಚೆಲ್ಲಾಡುತ್ತವೆ, ಎಷ್ಟೋ ಚೂರುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಬೇಟೆಗಾರ ಕಾಡಿನಲ್ಲಿ ಬಿಟ್ಟ ಕರುಳು ಕೊಬ್ಬನ್ನು ತಿಂದ ಕ್ಯಾಲಿಫೋರ್ನಿಯದ ಕಾಂಡೋರ್ ರಣಹದ್ದುಗಳಿಗೆ ಸೀಸದ ನಂಜೇರಿತು. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್‌ಗಳು ಬರೀ 22. ಹಿಡಿದು ಸಾಕಿ, ಮರಿ ಮಾಡಿಸಿ ಮತ್ತೆ ಬಿಟ್ಟ ಮೇಲೂ ಅವುಗಳ ಸಾವಿಗೆ ಸೀಸವೇ ಮೊದಲ ಕಾರಣವಾಗಿ ಉಳಿಯಿತು. ದನಗಳಿಗೆ ಕೊಟ್ಟ ಡೈಕ್ಲೋಫಿನ್ಯಾಕ್ ಔಷಧಿಯಿಂದ ನಮ್ಮ ರಣಹದ್ದುಗಳು ಅಳಿದದ್ದನ್ನು ಬಲ್ಲವರಿಗೆ, ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹಕ್ಕಿಗಳನ್ನು ನೋಡಿ ಬಂದವರಿಗೆ, ಹೆಣದೊಳಗಿನ ವಿಷದ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಮನುಷ್ಯರೂ ಸುರಕ್ಷಿತರಲ್ಲ. 2008ರಲ್ಲಿ ಉತ್ತರ ಡಕೋಟ ರಾಜ್ಯದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆಯ ಕೈಮಾದಲ್ಲಿ ಸೀಸದ ಚೂರುಗಳು ಸಿಕ್ಕಿ, ಹಂಚಬೇಡಿರೆಂದು ಆರೋಗ್ಯ ಇಲಾಖೆ ಸೂಚಿಸಿತು. ಬೆಳೆಯುವ ಮಕ್ಕಳ ಮಿದುಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲ.

ಇದಕ್ಕೆ ಪರಿಹಾರ ಪೂರ್ತಿ ತಾಮ್ರದ ಗುಂಡು. ಅದರ ಟೊಳ್ಳು ಮೂತಿ ದಳದಳವಾಗಿ ಬಿರಿಯುತ್ತದೆ, ತೂಕ ಬಹುಪಾಲು ಉಳಿಯುತ್ತದೆ, ಚೂರುಗಳು ತೀರ ಕಡಿಮೆ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಗಟ್ಟಿಯಾದ್ದರಿಂದ ಅರಳಲು ಹೆಚ್ಚು ವೇಗ ಬೇಕು. ಹೀಗಾಗಿ ತ್ರೀ ನಾಟ್ ತ್ರೀಗೆ 150 ಗ್ರೇನಿನ ತಾಮ್ರದ ಗುಂಡು ಹೊಂದುತ್ತದೆ. ಬೆಲೆ ಹೆಚ್ಚು. ವರ್ಷಕ್ಕೆ ಒಂದೆರಡು ಜಿಂಕೆ ಹೊಡೆಯುವವನಿಗೆ ಆ ಬೆಲೆ ಭಾರವಲ್ಲ ಎಂದೇ ನಾನು ಹೇಳುತ್ತೇನೆ.

ಹಳೆಯ ಸೈನಿಕ ತೋಟಾಗಳನ್ನು ಕಾಗದದ ಗುರಿಗಷ್ಟೇ ಬಳಸಬಹುದು. ಅವುಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಸುಟ್ಟು ಉಳಿಸುವ ಉಪ್ಪು ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗದು, ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಆಮೇಲೆ ಎಣ್ಣೆ ಹಚ್ಚಬೇಕು.

ನನ್ನ ತೀರ್ಪು ಇಷ್ಟು. ಬಿಳಿಬಾಲದ ಜಿಂಕೆಗೆ 150 ಗ್ರೇನಿನ ತಾಮ್ರದ ಗುಂಡು. ಸಿಗದಿದ್ದರೆ, ಕಾನೂನು ಬಿಟ್ಟಲ್ಲಿ, 180 ಗ್ರೇನಿನ ಮೆದು ಮೂತಿಯದು, ಅದೂ ಗಾಯದ ಸುತ್ತಲ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಹೂಳುವ ಮನಸ್ಸಿದ್ದರೆ. ಎರಡಕ್ಕೂ ದೂರದ ಮಿತಿ 150 ಮೀಟರ್ ಇಟ್ಟುಕೊಳ್ಳುವುದು ಲೇಸು. ಮೊದಲ ತೋಟಾ ಹಾಕುವ ಮುನ್ನ ಬೋಲ್ಟಿಗೂ ತೋಟಾದ ಬುಡಕ್ಕೂ ನಡುವಿನ ಸಂದನ್ನು ಬಲ್ಲ ಕುಶಲಕರ್ಮಿಯಿಂದ ಅಳೆಸಬೇಕು. ಎಂಬತ್ತು ವರ್ಷದ ಕೋವಿಯಲ್ಲಿ ಆ ಸಂದು ಸವೆದು ಹಿಗ್ಗಿದ್ದರೆ ಹಿತ್ತಾಳೆಯ ತೋಟಾ ಬುಡದ ಬಳಿ ಹರಿದು ಬಿಸಿ ಅನಿಲ ಕಣ್ಣಿಗೆ ನುಗ್ಗುತ್ತದೆ. ಆ ಪರೀಕ್ಷೆಯಲ್ಲಿ ಸೋತ ಕೋವಿಯಿಂದ ಒಂದು ಗುಂಡೂ ಹಾರಿಸಬೇಡಿ.